ಕೆಮ್ಮಿನ ಸಿರಪ್ ಕುಡಿದ್ರ ರಕ್ತದಾಗ ‘ಓಪಿಯೇಟ್ ಪಾಸಿಟಿವ್’ ಬರ್ತದೇನು?

ಇಳಕಲ್ಲಿನ ಅಣ್ಣಾರ, ನಿಮ್ಮ ತಮ್ಮ ಡಾಕ್ಟರ್ ಬರೆದ ಕೋಡೀನ್ ಸಿರಪ್ ಕುಡೀತಿದ್ದ, ನೌಕರಿಯ ರಕ್ತಪರೀಕ್ಷೆಯೊಳಗ ಓಪಿಯೇಟ್ (ಅಫೀಮಿನ ಜಾತಿಯ ಔಷಧ) ಪಾಸಿಟಿವ್ ಬಂತು, ಅವ ನಶಾ ಮಾಡ್ತಾನೇನು ಅಂತ ಕೇಳೀರಿ. ಅಷ್ಟಕ್ಕ ಹಂಗ ತಿಳೀಬ್ಯಾಡ್ರಿ.

ನಾನು ಬೆಳಗಾವಿಯೊಳಗ ಲ್ಯಾಬ್ ಕೆಲಸ ಮಾಡಾಂವ. ಮೊದಲ ಹಂತದ ಪರೀಕ್ಷೆ ಹೆಚ್ಚಾಗಿ ಇಮ್ಯುನೊಅಸ್ಸೇ, ಅಂದ್ರ ಪ್ರತಿಕಾಯದಿಂದ (ಆ್ಯಂಟಿಬಾಡಿ) ಔಷಧ ಹಿಡಿಯೋ ಪರೀಕ್ಷೆ ಇರ್ತದ, ರಕ್ತಕ್ಕ ಬಹಳ ಸಲ ಅದರಾಗಿನ ಎಲೈಸಾ ಅನ್ನೋ ಬಗೆ. ಅದರಾಗಿನ ಪ್ರತಿಕಾಯ ಅಣುವಿನ ಆಕಾರ ನೋಡಿ ಹಿಡೀತದ, ಹೆಸರು ಕೇಳಂಗಿಲ್ಲ. ನಿಮ್ಮೂರ ಸೀರಿ ಉಟ್ಟಾಕಿನ್ನ ಹಿಂದಿಂದ ನೋಡಿ “ಅಕ್ಕಾ” ಅಂತ ಕರದಂಗ! ಮಾರ್ಫಿನ್, ಕೋಡೀನ್ ಎರಡೂ ಒಂದೇ ಅಂಚಿನವು. ಮ್ಯಾಲೆ ಕೋಡೀನಿನ ಒಂದು ಪಾಲು ಯಕೃತ್ತಿನೊಳಗ ಮಾರ್ಫಿನ್ನೇ ಆಗ್ತದ.

ಎಲೈಸಾದ ಬಾವಿಯಂಥ ಸಣ್ಣ ಗುಣಿಯೊಳಗ ರಕ್ತದಾಗಿನ ಔಷಧಕ್ಕೂ ಬಣ್ಣ ಬರಿಸೋ ಎಂಜೈಮ್ ಕಟ್ಟಿದ ಔಷಧಕ್ಕೂ ಪ್ರತಿಕಾಯದ ಮ್ಯಾಲಿನ ಜಾಗಕ್ಕ ಜಗಳ. ರಕ್ತದಾಗ ಔಷಧ ಹೆಚ್ಚಿದ್ರ ಬಣ್ಣ ಕಮ್ಮಿ. ಹೊಸಬರು ಇದನ್ನ ಉಲ್ಟಾ ಓದ್ತಾರ, ನಾನೂ ಓದಿದ್ದೆ.

ಗಸಗಸಿ ಪಾಯಸ ಉಂಡ್ರೂ ಪಾಸಿಟಿವ್ ಬರಬಹುದು ಅನ್ನೋ ಮಾತೂ ಸುಳ್ಳಲ್ಲ. ಮೂತ್ರ ಪರೀಕ್ಷೆಯೊಳಗ ಅದರ ಕಾಟ ತಪ್ಪಸಾಕಂತ ಅಮೆರಿಕದ ಸರ್ಕಾರಿ ನೌಕರಿ ನಿಯಮದಾಗ 1998ರಲ್ಲಿ ಪಾಸಿಟಿವ್ ಅನ್ನೋ ಮಿತಿಯನ್ನ ಮಿಲಿಲೀಟರಿಗೆ 300ರಿಂದ 2000 ನ್ಯಾನೊಗ್ರಾಮಿಗೆ ಏರಿಸಿದ್ರು. ಆದ್ರ ಆ ಅಂಕಿ ರಕ್ತಕ್ಕ ಹೊಂದಂಗಿಲ್ಲ.

ಈಗ ಅದೇ ರಕ್ತದ ಮಾದರಿ ಮ್ಯಾಲೆ ಜಿಸಿ-ಎಂಎಸ್ ಇಲ್ಲಾ ಎಲ್‌ಸಿ-ಎಂಎಸ್ (ಅಣುಗಳನ್ನ ಬ್ಯಾರೆ ಮಾಡಿ ತೂಕದಿಂದ ಗುರುತಿಸೋ ಯಂತ್ರ) ದೃಢೀಕರಣ ಮಾಡ್ರಿ ಅಂತ ಬರದು ಕೊಡ್ರಿ. ಅದು ಕೋಡೀನ್ ಎಷ್ಟು, ಮಾರ್ಫಿನ್ ಎಷ್ಟು ಅಂತ ಬ್ಯಾರೆ ಬ್ಯಾರೆ ತೋರಸ್ತದ. ಡಾಕ್ಟರ್ ಚೀಟಿ, ಸಿರಪ್ಪಿನ ಬಿಲ್ಲು ಕಳೀಬ್ಯಾಡ್ರಿ.