‘ಕಪ್ಪು ಕುದುರೆ’ ಅಭ್ಯರ್ಥಿಯ ಮೈಬಣ್ಣವಲ್ಲ
ನೀವು ಓದಿದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವರದಿಯಲ್ಲಿ ಬಿಳಿಯ ಅಭ್ಯರ್ಥಿಯನ್ನು ‘ಕಪ್ಪು ಕುದುರೆ’ ಎಂದದ್ದು ನಿಮ್ಮನ್ನು ಗೊಂದಲಗೊಳಿಸಿರುವುದು ಬಹುಶಃ ‘ಕಪ್ಪು’ ಎಂಬುದನ್ನು ಬಣ್ಣವೆಂದು ಓದಿದ್ದರಿಂದ. ಇಲ್ಲಿ ಅದು ‘ಸಾಮರ್ಥ್ಯ ಹೊರಗಿನವರಿಗೆ ತಿಳಿಯದ’ ಎಂಬ ಅರ್ಥದಲ್ಲಿದೆ. ಇದು ಇಂಗ್ಲಿಷಿನ ‘ಡಾರ್ಕ್ ಹಾರ್ಸ್’, ಇಂಗ್ಲೆಂಡಿನ ಕುದುರೆ ರೇಸಿನಿಂದ ಬಂದ ಮಾತು.

ಮೊದಲು ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು 1844ರಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಕಥೆ ಓದಿ, ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಬಾಲ್ಟಿಮೋರ್‌ನಲ್ಲಿ ಮಾಜಿ ಅಧ್ಯಕ್ಷ ವ್ಯಾನ್ ಬ್ಯೂರನ್‌ಗೆ ಬಹುಮತವಿದ್ದರೂ ಅಗತ್ಯವಾದ ಮೂರನೇ ಎರಡರಷ್ಟು ಮತ ದಕ್ಕಲಿಲ್ಲ. ಮೊದಲ ಏಳು ಸುತ್ತುಗಳ ಮತದಾನದಲ್ಲಿ ಒಂದೂ ಮತ ಪಡೆಯದ ಜೇಮ್ಸ್ ಪೋಲ್ಕ್ ಒಂಬತ್ತನೆಯ ಸುತ್ತಿನಲ್ಲಿ ಅಭ್ಯರ್ಥಿಯಾದರು, ಚುನಾವಣೆಯಲ್ಲಿ ಎದುರಾಳಿ ವಿಗ್ ಪಕ್ಷದ ಹೆನ್ರಿ ಕ್ಲೇ ಅವರನ್ನು ಸೋಲಿಸಿ ಅಧ್ಯಕ್ಷರೂ ಆದರು.

ಆಮೇಲೆ ನಿಮ್ಮ ವರದಿಗೆ ಮರಳಿ. ಆ ವ್ಯಕ್ತಿ ಯಾರ ಲೆಕ್ಕಕ್ಕೂ ಸಿಗದೆ ಮುಂದೆ ಬಂದಿದ್ದರೆ ಇದೇ ಅರ್ಥ. ಮೊದಲಿನಿಂದಲೂ ಮುಂಚೂಣಿಯಲ್ಲಿದ್ದವರಾದರೆ ಪದವನ್ನು ತಪ್ಪಾಗಿ ಬಳಸಿರಬಹುದು. ಪೂರ್ಣ ವಾಕ್ಯ ನೋಡದೆ ಖಚಿತವಾಗಿ ಹೇಳಲಾರೆ. ಅನುವಾದಿಸುವುದಿದ್ದರೆ ‘ಅನಿರೀಕ್ಷಿತ ಸ್ಪರ್ಧಿ’ ಎಂದು ಬರೆಯಿರಿ.