ಗೇಟಿನಾಚೆಯ ಓದುಗ

ಓದುಗರ ಪತ್ರ: "ವಿಶ್ವವಿದ್ಯಾಲಯದ ಗ್ರಂಥಾಲಯ ಇರುವುದು ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ ಮತ್ತು ಪಾಠ ಮಾಡುವ ಅಧ್ಯಾಪಕರಿಗೆ. ಹೊರಗಿನವರಿಗೆಲ್ಲ ಬಾಗಿಲು ತೆರೆದರೆ ಪರೀಕ್ಷೆಯ ಹೊತ್ತಿಗೆ ನಮಗೇ ಕುರ್ಚಿ ಸಿಗುವುದಿಲ್ಲ. ಅವರಿಗೆ ಸಾರ್ವಜನಿಕ ಗ್ರಂಥಾಲಯ ಇದೆಯಲ್ಲ! ಕುಲಪತಿಗಳಿಗೆ ಮನವಿ ಕೊಡುತ್ತಿದ್ದೇವೆ. ಒಂದು, ಪರೀಕ್ಷೆಯ ದಿನಗಳಲ್ಲಿ ಗ್ರಂಥಾಲಯ ರಾತ್ರಿಯೂ ತೆರೆದಿರಬೇಕು. ಎರಡು, ಹೊರಗಿನವರ ಪ್ರವೇಶ ನಿಲ್ಲಬೇಕು. ಮೂರು, ಪರಾಮರ್ಶನ ವಿಭಾಗದಲ್ಲಿ ಖಾಲಿ ಬಿದ್ದಿರುವ ಹುದ್ದೆ ತುಂಬಬೇಕು. ನಿಮ್ಮ ಪತ್ರಿಕೆ ಬೆಂಬಲಿಸುತ್ತದೆಯೇ?"
– ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ (ಹೆಸರು ಬೇಡವೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಪ್ರಿಯ ವಿದ್ಯಾರ್ಥಿ ಮಿತ್ರರೇ,

ಸಿಟ್ಟಿನಲ್ಲಿ ಬರೆದ ಪತ್ರವಾದರೂ ಒಂದೂ ಕಾಗುಣಿತದ ತಪ್ಪಿಲ್ಲ. ನಮ್ಮ ಕಚೇರಿಗೆ ಬರುವ ಸಿಟ್ಟಿನ ಪತ್ರಗಳಲ್ಲಿ ಇದು ಅಪರೂಪ. ಇವರು ನಿಜವಾಗಿಯೂ ಓದುವವರು ಎಂದು ಮೊದಲ ಸಾಲಿನಲ್ಲೇ ತಿಳಿಯಿತು. ಆದ್ದರಿಂದಲೇ ನಿಮ್ಮೊಂದಿಗೆ ಸ್ವಲ್ಪ ಜಗಳವಾಡಬೇಕು ಅನ್ನಿಸಿದೆ.

ಕುರ್ಚಿಯ ದೂರು ನ್ಯಾಯವಾದದ್ದೇ. ಪರೀಕ್ಷೆಯ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಜಾಗ ಕೊಡಲಿ, ಹೊರಗಿನವರಿಗೆ ಬೇರೆ ಸಮಯ ಗೊತ್ತುಮಾಡಲಿ, ಮನೆಗೆ ಪುಸ್ತಕ ಕೊಡದೆ ಅಲ್ಲಿಯೇ ಕುಳಿತು ಓದಲು ಹೇಳಲಿ. ಇದಕ್ಕೆ ಯಾರೂ ಬೇಡವೆನ್ನಲಾರರು. ಪುಟ ಹರಿಯುವವರಿದ್ದಾರೆ ಎಂದಿದ್ದರೂ ಒಪ್ಪುತ್ತಿದ್ದೆ. (ಪಠ್ಯಕ್ಕೆ ಇಟ್ಟ ಅಧ್ಯಾಯವನ್ನೇ ಹುಡುಕಿ, ಬ್ಲೇಡಿನಿಂದ ಅಂಚು ಕೆಡದಂತೆ ಕೊಯ್ದು ಒಯ್ಯುವಷ್ಟು ಪಠ್ಯಕ್ರಮದ ಜ್ಞಾನ ಹೊರಗಿನವರಿಗೆ ಇರುವುದು ಮಾತ್ರ ಅನುಮಾನ.) ಇನ್ನೊಂದು ಮಾತು. ಬೆಳಿಗ್ಗೆ ಬಾಗಿಲು ತೆರೆದೊಡನೆ ಓಡಿಬಂದು, ಕುರ್ಚಿಯ ಮೇಲೆ ಚೀಲವಿಟ್ಟು, ಮಧ್ಯಾಹ್ನದವರೆಗೆ ಕಾಣೆಯಾಗುವವರು ಯಾರು? ಆ ಚೀಲಗಳಿಗೆ ಗುರುತಿನ ಚೀಟಿ ಕೇಳುವವರಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಒಳಗಿನವರು, ಹೊರಗಿನವರು ಎಂದು ನೀವು ನಂಬಿರುವ ವಿಭಜನೆ ಗ್ರಂಥಾಲಯ ಎಂಬ ಸಂಸ್ಥೆಯ ಚರಿತ್ರೆಯಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪಾಳುಬಿದ್ದಿದ್ದ ಗ್ರಂಥಾಲಯವನ್ನು ಥಾಮಸ್ ಬಾಡ್ಲಿ ತನ್ನ ಹಣದಿಂದ ಎತ್ತಿನಿಲ್ಲಿಸಿ 1602ರಲ್ಲಿ ತೆರೆಸಿದ. ಅದರ ಬಾಗಿಲ ಮೇಲೆ ಒಂದು ಲ್ಯಾಟಿನ್ ಬರಹವಿದೆ. ಈ ಗ್ರಂಥಾಲಯವನ್ನು ಆಕ್ಸ್‌ಫರ್ಡಿನ ವಿದ್ವಾಂಸರಾದ ನಿಮಗೂ ಒಟ್ಟು ವಿದ್ವತ್ ಸಮುದಾಯಕ್ಕೂ ಕೊಟ್ಟಿದ್ದೇನೆ, ಒಳಿತಾಗಲಿ ಎಂಬುದು ಅದರ ಸಾರ. ಒಳಗಿನವರನ್ನೂ ಹೊರಗಿನವರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ್ದಾನೆ. ಹಾಗೆಂದು ಆತನೇನೂ ನಿಯಮ ಸಡಿಲಿಸುವವನಾಗಿರಲಿಲ್ಲ. ಪುಸ್ತಕ ಹೊರಗೆ ಹೋಗಕೂಡದು ಎಂಬ ವಿಷಯದಲ್ಲಿ ಕಲ್ಲಿನಂಥವನು. ಅವನ ಕಾಲದ ಅನಂತರ, 1645ರಲ್ಲಿ, ಇಂಗ್ಲೆಂಡಿನ ರಾಜ ಒಂದನೆಯ ಚಾರ್ಲ್ಸ್ ಒಂದು ಪುಸ್ತಕ ಎರವಲು ಕೇಳಿದಾಗ ಗ್ರಂಥಪಾಲಕ ನಿಯಮಾವಳಿ ತೋರಿಸಿ ಆಗುವುದಿಲ್ಲ ಎಂದ. ರಾಜ ಒಪ್ಪಿಕೊಂಡ. ಮುಂದೆ ರಾಜನ ಬದಲು ದೇಶದ ಆಡಳಿತ ಹಿಡಿದ ಕ್ರಾಮ್‌ವೆಲ್‌ಗೂ ಸಿಕ್ಕಿದ್ದು ಅದೇ ಉತ್ತರ. ಪುಸ್ತಕ ರಾಜನಿಗೂ ಹೊರಗೆ ಹೋಗದು. ಆದರೆ ಬೇರೆ ದೇಶದಿಂದ ಬಂದ ವಿದ್ವಾಂಸ ಅನುಮತಿ ಪಡೆದು ಒಳಗೆ ಕುಳಿತು ಓದಬಹುದು. ಕಟ್ಟುನಿಟ್ಟು ಎಂದರೆ ನನಗೆ ಇಷ್ಟವಾಗುವುದು ಇಂಥದ್ದು. ನಮ್ಮ ಕಾಲದ ಕಟ್ಟುನಿಟ್ಟು ಗೇಟಿನಲ್ಲಿಯೇ ಮುಗಿದುಹೋಗುತ್ತದೆ.

ಶಿಯಾಳಿ ರಾಮಾಮೃತ ರಂಗನಾಥನ್ ಅವರ ವಿಷಯ ನಿಮಗೆ ಗೊತ್ತಿರಬಹುದು. ಗಣಿತದ ಮೇಷ್ಟರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಆ ಏಕಾಂತ ಬೇಸರ ತಂದು, ತರಗತಿಗೆ ವಾಪಸು ಕಳಿಸಿ ಎಂದು ಕೇಳಿಕೊಂಡರು. ಲಂಡನ್ನಿಗೆ ಹೋಗಿ ಓದಿ ಬನ್ನಿ, ಆಮೇಲೂ ಬೇಸರವಿದ್ದರೆ ನೋಡೋಣ ಎಂಬ ಉತ್ತರ ಬಂತು. ಅಲ್ಲಿಗೆ ಹೋದವರು ಬರೀ ತರಗತಿಯಲ್ಲಿ ಕೂರಲಿಲ್ಲ. ಊರೂರಿನ ಸಾರ್ವಜನಿಕ ಗ್ರಂಥಾಲಯಗಳನ್ನು ಸುತ್ತಿದರು. ಎಲ್ಲ ವಯಸ್ಸಿನವರೂ ಎಲ್ಲ ಕಸುಬಿನವರೂ ಬಂದು ಪುಸ್ತಕ ಒಯ್ಯುವುದನ್ನು ಕಂಡು ಬಂದ ಮೇಲೆ ಬೇಸರದ ಮಾತೇ ಎತ್ತಲಿಲ್ಲ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ, ಗ್ರಂಥಾಲಯ ಬೆಳೆಯುವ ಜೀವಿ. ಇವುಗಳಲ್ಲಿ ಎಲ್ಲಿಯೂ ಗುರುತಿನ ಚೀಟಿ ಇಲ್ಲ. ಅಷ್ಟೇ ಏಕೆ, ವಿಶ್ವವಿದ್ಯಾಲಯದ ಸಂಬಳ ತೆಗೆದುಕೊಳ್ಳುತ್ತಿದ್ದ ಈ ಮನುಷ್ಯ ವರ್ಷಗಟ್ಟಲೆ ಬೆನ್ನುಹತ್ತಿದ್ದು ಸಾರ್ವಜನಿಕ ಗ್ರಂಥಾಲಯ ಕಾಯಿದೆಗಾಗಿ. 1948ರಲ್ಲಿ ಮದ್ರಾಸಿನ ಶಾಸನಸಭೆ ಅದನ್ನು ಅಂಗೀಕರಿಸಿತು.

ಹೊರಗಿನವರು ಬಂದರೆ ನಮಗೇನು ಬಂತು ಎಂದು ನೀವು ಕೇಳಬಹುದು. ಬಂತು. ಪರಿಚಯದ ಗ್ರಂಥಪಾಲಕರೊಬ್ಬರು ಹೇಳಿದ್ದನ್ನು ಕೇಳಿ. ಜಮೀನಿನ ಗಡಿಯ ವ್ಯಾಜ್ಯದಲ್ಲಿ ಸಿಕ್ಕಿಬಿದ್ದ ಒಬ್ಬರು ಹಳೆಯ ನಕ್ಷೆಯೊಂದನ್ನು ಹುಡುಕಿಕೊಂಡು ಅವರ ಗ್ರಂಥಾಲಯಕ್ಕೆ ಬಂದರು. ಕಂಪ್ಯೂಟರಿನ ಸೂಚಿಯಲ್ಲಿ ನಕ್ಷೆ ಇರಲಿಲ್ಲ. ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದು, ಮಸಿ ಕಂದಿದ ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋದಾಗ ಒಂದು ಕಡೆ ಕೊಟ್ಟ ಕ್ರಮಸಂಖ್ಯೆ ಮಾತ್ರ ಸಿಕ್ಕಿತು. ಕೊನೆಗೆ ನೆಲಮಾಳಿಗೆಯ ಕಬ್ಬಿಣದ ಕಪಾಟಿನ ಅಗಲವಾದ ಖಾನೆಯಲ್ಲಿ, ಬಟ್ಟೆಗೆ ಅಂಟಿಸಿ ಮಡಚಿಟ್ಟ ನಕ್ಷೆಗಳ ಒಂದು ಕಟ್ಟೇ ಹೊರಬಿತ್ತು. ಮಡಿಕೆಗಳಲ್ಲಿ ಕಾಗದ ಬಿರಿದಿತ್ತು. ಬಂದವರ ವ್ಯಾಜ್ಯಕ್ಕೆ ಅದರಿಂದ ಏನೂ ಉಪಯೋಗವಾಗಲಿಲ್ಲವಂತೆ. ಆದರೆ ಮೇಜಿನ ಮೇಲೆ ಹರಡಿದ್ದ ನಕ್ಷೆಗಳನ್ನು ಕಂಡ ಇತಿಹಾಸ ವಿಭಾಗದ ಅಧ್ಯಾಪಕಿ ಅಲ್ಲಿಯೇ ನಿಂತುಬಿಟ್ಟರು. ಮುಂದೆ ಅವರ ಇಬ್ಬರು ಸಂಶೋಧನ ವಿದ್ಯಾರ್ಥಿಗಳು ಆ ಕಟ್ಟಿನ ಮೇಲೆಯೇ ಕೆಲಸ ಮಾಡಿದರು.

ಇದು ಅಕಸ್ಮಾತ್ ಎಂದು ನನಗೆ ಅನ್ನಿಸುವುದಿಲ್ಲ. ವಿದ್ಯಾರ್ಥಿ ಸಾಮಾನ್ಯವಾಗಿ ಪುಸ್ತಕದ ಹೆಸರು ಹಿಡಿದು ಬರುತ್ತಾನೆ. ಅಧ್ಯಾಪಕರು ತಮ್ಮ ವಿಷಯದ ಸಾಲು ಬಿಟ್ಟು ಪಕ್ಕದ ಸಾಲಿಗೆ ಹೋಗುವುದು ಕಡಿಮೆ. ಹೊರಗಿನವರಿಗೆ ಪುಸ್ತಕದ ಹೆಸರೂ ಗೊತ್ತಿಲ್ಲ, ವಿಭಾಗವೂ ಗೊತ್ತಿಲ್ಲ. ಅವರು ತರುವುದು ಬರೀ ಒಂದು ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಗ್ರಂಥಾಲಯಕ್ಕೆ ತನ್ನಲ್ಲಿ ಏನಿದೆ ಎಂಬುದು ತಿಳಿಯುವುದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಸುಮಾರು ಶೇಕಡಾ 40ರಷ್ಟು ಹಲವು ವರ್ಷವಾದರೂ ಒಮ್ಮೆಯೂ ಎರವಲು ಹೋಗಿರಲಿಲ್ಲ. ಲೆಕ್ಕ ಹಾಕಿದ ಬಗೆ ಸರಿಯಿಲ್ಲ ಎಂದು ಅಲ್ಲಿನ ಅಧ್ಯಾಪಕರು ತಿರುಗಿಬಿದ್ದರು, ಅದಿರಲಿ. ಇಂಥ ಅಂಕಿ ಕಂಡೊಡನೆ ಆಡಳಿತದವರು ಪುಸ್ತಕ ಕೊಳ್ಳುವುದನ್ನು ಕಡಿಮೆ ಮಾಡಿ, ಇದ್ದುದನ್ನು ವಿಲೇವಾರಿ ಮಾಡಿ ಎನ್ನುತ್ತಾರೆ. ಓದುಗರನ್ನು ಹೆಚ್ಚು ಮಾಡಿ ಎಂದು ಯಾರಿಗೂ ಏಕೆ ಹೊಳೆಯುವುದಿಲ್ಲ? ರಂಗನಾಥನ್ ಅವರ ಮೂರನೆಯ ಸೂತ್ರ ಹೇಳುವುದು ಅದನ್ನೇ.

ಅಮೆರಿಕದಲ್ಲಿ ಸರ್ಕಾರಿ ಪ್ರಕಟಣೆಗಳನ್ನು ಉಚಿತವಾಗಿ ಪಡೆಯುವ ಠೇವಣಿ ಗ್ರಂಥಾಲಯಗಳಿವೆ. ಅವುಗಳಲ್ಲಿ ಹಲವು ವಿಶ್ವವಿದ್ಯಾಲಯಗಳವು, ಖಾಸಗಿಯವೂ ಸೇರಿ. ಆ ಪ್ರಕಟಣೆಗಳನ್ನು ಯಾರೇ ಬಂದು ಕೇಳಿದರೂ ಶುಲ್ಕವಿಲ್ಲದೆ ಓದಲು ಕೊಡಬೇಕೆಂದು ಅಲ್ಲಿ ಕಾನೂನೇ ಇದೆ. ಅದರಿಂದ ಅಲ್ಲಿನ ವಿದ್ಯಾರ್ಥಿಗಳು ನೆಲದ ಮೇಲೆ ಕುಳಿತು ಓದುವಂತಾಗಲಿಲ್ಲ.

ನಿಮಗೆ ಹಿತವಾಗದ ಒಂದು ಮಾತು ಹೇಳಲೇ? ಪದವಿ ಮುಗಿದ ಮಾರನೆಯ ದಿನ ನೀವೂ ಹೊರಗಿನವರೇ. ಚೀಟಿಯ ಅವಧಿ ಮುಗಿಯುತ್ತದೆ. ಗುಪ್ತಪದ ಕೆಲಸ ಮಾಡುವುದಿಲ್ಲ. ನಿನ್ನೆಯವರೆಗೆ ನಿಮ್ಮ ಪರದೆಯ ಮೇಲೆ ತೆರೆಯುತ್ತಿದ್ದ ಲೇಖನ ಇಂದು ಹಣ ಕೇಳುತ್ತದೆ. ಪದವಿಯಲ್ಲಿ ಕಲಿತದ್ದನ್ನು ನಿಜವಾಗಿ ಬಳಸುವ ವಯಸ್ಸು ಶುರುವಾಗುವುದೇ ಆಗ. ಗ್ರಂಥಾಲಯ ಕೈಬಿಡುವುದೂ ಆಗಲೇ. ಹಳೆಯ ನಿಯತಕಾಲಿಕದ ಒಂದು ಸಂಪುಟದಲ್ಲಿ ಒಂದೇ ಒಂದು ಉಲ್ಲೇಖ ಸರಿನೋಡಲು ಹೋದ ನನ್ನನ್ನು ಒಂದು ಗ್ರಂಥಾಲಯದ ಕಾವಲುಗಾರರು ವಿಭಾಗದ ಮುಖ್ಯಸ್ಥರ ಪತ್ರ ತನ್ನಿ ಎಂದು ಹಿಂದಕ್ಕೆ ಕಳಿಸಿದ್ದಾರೆ. ಯಾವ ವಿಭಾಗ ಎಂದರೆ ಅವರಿಗೂ ಗೊತ್ತಿರಲಿಲ್ಲ. ಪಾಪ, ಅವರದೇನು ತಪ್ಪು.

ವಿದ್ಯುನ್ಮಾನ ನಿಯತಕಾಲಿಕಗಳ ಒಪ್ಪಂದಗಳನ್ನು ಬಿಡಿಸಿ ಓದಿದರೆ, ಗ್ರಂಥಾಲಯದ ಒಳಗೆ ಬಂದು ಅಲ್ಲಿನ ಕಂಪ್ಯೂಟರಿನಲ್ಲಿ ಓದುವ ಸಾರ್ವಜನಿಕರಿಗೆ ಅವಕಾಶ ಕೊಡುವ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ. ಪ್ರಕಾಶಕನೇ ಬೇಡವೆನ್ನದ್ದನ್ನು ನಾವು ಗೇಟಿನಲ್ಲಿ ತಡೆಯುತ್ತೇವೆ. ಪ್ರಕಾಶಕರ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಧ್ಯಾಪಕರು ಲೇಖನ ಬರೆಯುತ್ತಾರೆ, ಸಾಮಾನ್ಯವಾಗಿ ಸಂಭಾವನೆ ಇಲ್ಲ. ಇನ್ನೊಬ್ಬ ಅಧ್ಯಾಪಕರು ಅದನ್ನು ಪರಿಶೀಲಿಸುತ್ತಾರೆ, ಅದಕ್ಕೂ ಇಲ್ಲ. ಆಮೇಲೆ ಅದೇ ಲೇಖನವನ್ನು ಅವರದೇ ಗ್ರಂಥಾಲಯ ದುಬಾರಿ ಚಂದಾ ಕೊಟ್ಟು ಕೊಳ್ಳುತ್ತದೆ. ಹಾಲನ್ನು ಕರೆದು ಪುಕ್ಕಟೆ ಕೊಟ್ಟು, ಸಂಜೆ ಅದೇ ಹಾಲಿಗೆ ಸರದಿಯಲ್ಲಿ ನಿಂತಂತೆ. ಬೆಲೆ ವಿಪರೀತವಾಯಿತೆಂದು, ತನ್ನವರ ಲೇಖನಗಳು ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದು ಹಟಹಿಡಿದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ಜೊತೆಗಿನ ಮಾತುಕತೆ ಮುರಿದುಕೊಂಡಿತು. ಎರಡು ವರ್ಷ ಜಗ್ಗಿ, 2021ರಲ್ಲಿ ಒಪ್ಪಂದಕ್ಕೆ ಬಂದಾಗ ಮುಕ್ತ ಪ್ರಕಟಣೆಯ ಷರತ್ತು ಅದರೊಳಗಿತ್ತು. ಅಂಥ ಹಟ ನಿಮ್ಮ ಮನವಿಯಲ್ಲಿ ಇದ್ದಿದ್ದರೆ ನಾನು ಮುಖಪುಟದಲ್ಲಿ ಹಾಕುತ್ತಿದ್ದೆ. ಬಜೆಟ್ಟಿನ ಬಹುಪಾಲು ಚಂದಾಕ್ಕೆ ಹೋಗುತ್ತಿದೆಯೇ, ಪುಸ್ತಕಕ್ಕೆ ಎಷ್ಟು ಉಳಿಯುತ್ತದೆ, ಸಿಬ್ಬಂದಿಗೆ ಎಷ್ಟು ಎಂದು ಕೇಳುವುದನ್ನು ಬಿಟ್ಟು, ಮೂಲೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ನಿವೃತ್ತರೊಬ್ಬರ ಕುರ್ಚಿಯ ಮೇಲೆ ಕಣ್ಣುಹಾಕಿದ್ದೀರಿ.

ನಿಮ್ಮ ಮೂರನೆಯ ಬೇಡಿಕೆ ಓದಿ ಮಾತ್ರ ಖುಷಿಯಾಯಿತು. ಸ್ಯಾಮ್ಯುಯೆಲ್ ಗ್ರೀನ್ ಎಂಬ ಗ್ರಂಥಪಾಲಕ 1876ರಲ್ಲೇ ಬರೆದಿದ್ದ: ಗ್ರಂಥಪಾಲಕ ಓದುಗರೊಂದಿಗೆ ಬೆರೆಯಬೇಕು, ಅವರಿಗೆ ಬೇಕಾದದ್ದು ಏನೆಂದು ಕೇಳಿ ಹುಡುಕಿಕೊಡಬೇಕು ಎಂದು. ಪರಾಮರ್ಶನ ಸೇವೆ ಎಂದು ಇಂದು ನಾವು ಕರೆಯುವುದಕ್ಕೆ ಆ ಬರಹ ಬುನಾದಿಯಾಯಿತು. ಗಮನಿಸಿ, ಅವನಿದ್ದದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಖಾಲಿ ಬಿದ್ದಿರುವ ಆ ಕುರ್ಚಿ ಹೊರಗಿನವರಿಗಾಗಿ ಹುಟ್ಟಿದ್ದು, ಒಳಗಿನವರಿಗೆ ಆಮೇಲೆ ಬಂದದ್ದು.

ಆದ್ದರಿಂದ ನಿಮ್ಮ ಮನವಿಯ ಮೊದಲ ಮತ್ತು ಮೂರನೆಯ ಬೇಡಿಕೆಗೆ ಪತ್ರಿಕೆಯ ಪೂರ್ಣ ಬೆಂಬಲವಿದೆ. ಬೇಕಾದರೆ ನನ್ನ ಸಹಿಯನ್ನೂ ಕಳಿಸುತ್ತೇನೆ. ಎರಡನೆಯದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ಒಳಗೇ ಕುಳಿತು ಓದುವ ವಾರ್ಷಿಕ ಚೀಟಿ ಕೊಡಿ ಎಂದು ಬರೆಯಿರಿ. ಒಪ್ಪದಿದ್ದರೆ ನಿಮ್ಮ ಪ್ರತ್ಯುತ್ತರಕ್ಕೆ ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಕೊಡುತ್ತೇನೆ. ಹೆಸರು ಹಾಕಿ ಬರೆದರೆ ಇನ್ನೂ ಸಂತೋಷ.

– ಸಂ.