ಮೊದಲು ಉಪ್ಪು ನೋಡಿ, ಆಮೇಲೆ ಕಾರ್ಖಾನೆ

ಪ್ರಶ್ನೆ: ಮಂಗಳೂರಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ಕೂಳೂರು ಸೇತುವೆ ಹತ್ತಿರದ ಫಲ್ಗುಣಿ ನದಿ ನೀರಲ್ಲಿ ಝೀಬ್ರಾ ಮೀನಿನ ಭ್ರೂಣಗಳನ್ನು ಇಟ್ಟೆ. ಎರಡು ದಿನದಲ್ಲಿ ಅರ್ಧ ಸತ್ತವು. ಕಾರ್ಖಾನೆಯ ವಿಷದಿಂದ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬಹುದಾ?

ಉತ್ತರ: ಬರೆಯಬೇಡಿ. ಮಾರ್ಚ್ ಬಂದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಸೇತುವೆಯ ಹೆಸರಷ್ಟೇ ಬೇರೆ.

ನೀರು ತಂದ ಹೊತ್ತಿಗೆ ಉಬ್ಬರವಿತ್ತೋ ಇಳಿತವಿತ್ತೋ? ಬೇಸಿಗೆಯಲ್ಲಿ ನದಿಯ ಹರಿವು ಸೊರಗುತ್ತದೆ. ಅಳಿವೆಬಾಗಿಲಿನಿಂದ ಸಮುದ್ರದ ನೀರು ಮೇಲೇರುತ್ತದೆ. ಝೀಬ್ರಾ ಮೀನು ಸಿಹಿನೀರಿನದು. ಅದರ ಭ್ರೂಣ ಕೊಲ್ಲಲು ಉಪ್ಪೊಂದೇ ಸಾಕು, ಕಾರ್ಖಾನೆ ಬೇಕಿಲ್ಲ. ನಿಮ್ಮ ಪತ್ರದಲ್ಲಿ ಉಪ್ಪಿನ ಅಳತೆಯೇ ಇಲ್ಲವಲ್ಲ!

ಶುದ್ಧ ನೀರಿಗೆ ಸಮುದ್ರದ ಉಪ್ಪು ಬೆರೆಸಿ. ನದಿ ನೀರಿನಷ್ಟೇ ಉಪ್ಪಾಗಲಿ. ಅದರಲ್ಲಿ ಒಂದು ಗುಂಪು, ಬರೀ ಶುದ್ಧ ನೀರಿನಲ್ಲಿ ಇನ್ನೊಂದು ಗುಂಪು ಇಡಿ. ಮೀನಿನ ಭ್ರೂಣದ ಮೇಲೆ ವಿಷ ಪರೀಕ್ಷಿಸಲು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 236ನೇ ಪರೀಕ್ಷಾ ವಿಧಾನವಿದೆ. ಅದರಲ್ಲಿ ವಿಷದ ಒಂದೊಂದು ಪ್ರಮಾಣಕ್ಕೂ 20 ಭ್ರೂಣ, ಒಟ್ಟು 96 ಗಂಟೆ. ಶುದ್ಧ ನೀರಿನ ಗುಂಪಿನಲ್ಲಿ ನೂರಕ್ಕೆ 90 ಆದರೂ ಬದುಕದಿದ್ದರೆ ಇಡೀ ಪ್ರಯೋಗ ಕಸದ ಬುಟ್ಟಿಗೆ. ನನ್ನ ಮೊದಲ ಬ್ಯಾಚ್ ಹೋದದ್ದು ಹಾಗೆಯೇ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಮುಗಿಸಿತ್ತು, ನಾನು ಒಂದು ವಾರ ಕೀಟನಾಶಕವನ್ನು ಬೈದೆ.

ಉಪ್ಪುನೀರಲ್ಲಿ ಬದುಕಿ, ನದಿ ನೀರಲ್ಲಿ ಸತ್ತರೆ ಮಾತ್ರ ಅನುಮಾನಕ್ಕೆ ಜಾಗ. ಆಗಲೂ ಕೊಳಚೆಯ ಅಮೋನಿಯಾ ಇರಬಹುದು, ಆಮ್ಲಜನಕ ಕಡಿಮೆ ಇರಬಹುದು. ಅಳೆಯದೆ ಕಾರ್ಖಾನೆ ಕಡೆ ಬೆರಳು ತೋರಿಸಬೇಡಿ.

ಇನ್ನೊಂದು ಮಾತು. ಸುಮ್ನೆ ಹೆಣ ಎಣಿಸಬೇಡಿ, ಬದುಕಿದವನ್ನು ನೋಡಿ. ಎದೆಬಡಿತ ನಿಧಾನವಾಗಿದೆಯಾ? ಹೃದಯದ ಸುತ್ತ ನೀರು ತುಂಬಿದೆಯಾ? ಬಾಲ ಸೊಟ್ಟಗಿದೆಯಾ? ಮೊಟ್ಟೆಯಿಂದ ತಡವಾಗಿ ಹೊರಬಂತಾ? ಎಣಿಸುವವರಿಗೆ ಭ್ರೂಣ ಇಟ್ಟ ತಟ್ಟೆಯ ಯಾವ ಗುಂಡಿಯಲ್ಲಿ ಯಾವ ನೀರು ಅಂತ ಗೊತ್ತಿರಬಾರದು. ಗೆಳತಿಯ ಕೈಲಿ ಗುಟ್ಟಿನ ನಂಬರ್ ಹಾಕಿಸಿ.

ಪ್ರಶ್ನೆ: ಗ್ರಹಣ ನೋಡಿದರೆ ಮಗುವಿಗೆ ಸೀಳುತುಟಿ ಬರುತ್ತದಾ? (ಉಡುಪಿ)

ಉತ್ತರ: ಇಲ್ಲ. ಇದಕ್ಕೆ ಇನ್ನು ಉತ್ತರಿಸುವುದಿಲ್ಲ.

ಪ್ರಶ್ನೆ: ಗರ್ಭಿಣಿಯ ಮೈಯಿಂದ ವಿಷ ತೆಗೆಯುವ ಪುಡಿ ಅಂತ ಮಾರುತ್ತಾರೆ. ಸೊಸೆಗೆ ಕೊಡಬಹುದಾ?

ಉತ್ತರ: ಅಮ್ಮ, ದಯವಿಟ್ಟು ಬೇಡ. ಲೇಬಲ್ ಇಲ್ಲದ ಪುಡಿಯಲ್ಲಿ ಏನಿದೆ ಅಂತ ಮಾರುವವನಿಗೇ ಗೊತ್ತಿರುವುದಿಲ್ಲ. ಇಂಥ ಕೆಲವು ಔಷಧಿಗಳಲ್ಲಿ ಸೀಸವೇ ಸಿಕ್ಕಿದ್ದುಂಟು. ಸೀಸ ಮಾಸು ದಾಟಿ ಮಗುವಿನ ಮಿದುಳಿಗೆ ಹೋಗುತ್ತದೆ. ವೈದ್ಯರು ಬರೆದ ಫೋಲಿಕ್ ಆಮ್ಲದ ಮಾತ್ರೆ ತಪ್ಪಿಸದಿರಲಿ. ಪುಡಿಯ ದುಡ್ಡಿಗೆ ಬೂತಾಯಿ ತನ್ನಿ, ಚಿಕ್ಕ ಮೀನಿನಲ್ಲಿ ಪಾದರಸ ಕಡಿಮೆ. ಶಾರ್ಕ್ ಮಾತ್ರ ಬೇಡ.